ಹೊಟ್ಟೆಯಲ್ಲಿ 29 ಸಲಗ, ಕೈಯಲ್ಲಿ 30 ನಿಮಿಷ

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹತ್ತಿದ ವಿಮಾನವನ್ನು ನಡುವೆ ಎಲ್ಲೂ ಇಳಿಸದೆ, ಉತ್ತರ ಧ್ರುವದ ಹಾದಿ ಹಿಡಿದು ಬೆಂಗಳೂರಿಗೆ ತಂದಿತು. ಸುಮಾರು 14,000 ಕಿ.ಮೀ.! ಭೂಮಿಯ ಸುತ್ತಳತೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು, ಅದೂ ಒಂದೇ ನೆಗೆತಕ್ಕೆ. ಆ ಬೋಯಿಂಗ್ 777-200ಎಲ್‌ಆರ್ ಮಾದರಿಯ ಟ್ಯಾಂಕುಗಳಲ್ಲಿ 1,81,000 ಲೀಟರ್ ಇಂಧನ ಹಿಡಿಯುತ್ತದೆ. ಐದೈದು ಲೀಟರಿನಂತೆ ಹಂಚಿದರೆ 36,000 ಸ್ಕೂಟರುಗಳ ಟ್ಯಾಂಕು ಭರ್ತಿ. ಒಂದೇ ಸ್ಕೂಟರಿಗೆ ಸುರಿದು, ಲೀಟರಿಗೆ 45 ಕಿ.ಮೀ. ಲೆಕ್ಕ ಹಿಡಿದರೆ ಚಂದ್ರನಿಗೆ ಹತ್ತು ಸಲ ಹೋಗಿ ಬಂದು ಮತ್ತೂ ಉಳಿಯುತ್ತದೆ. (ವಿಮಾನದ ಇಂಧನಕ್ಕೆ ಸ್ಕೂಟರ್ ಓಡುವುದಿಲ್ಲ, ಆ ಮಾತು ಬೇರೆ.)

ಲೀಟರ್ ಬಿಡಿ, ತೂಕ ನೋಡಿ. ಸುಮಾರು 145 ಟನ್. ಐದೈದು ಟನ್ನಿನ 29 ಸಲಗಗಳು! ಮೈಸೂರು ದಸರೆಗೆ 2024ರಲ್ಲಿ ಬಂದ ಆನೆಗಳೇ 14. ಇನ್ನೂ ಸೋಜಿಗ ಬೇಕೆ? ಖಾಲಿ ವಿಮಾನದ ತೂಕವೂ ಹೆಚ್ಚುಕಡಿಮೆ ಅಷ್ಟೇ, 145 ಟನ್. ಟ್ಯಾಂಕು ತುಂಬಿದರೆ ವಿಮಾನ ಇನ್ನೊಂದು ವಿಮಾನವನ್ನೇ ಹೊತ್ತಂತೆ. ಮೇಲೇರುವಾಗ 347 ಟನ್‌ವರೆಗೆ ತೂಗಬಹುದು, ಇಳಿಯುವಾಗ ಮಾತ್ರ 223 ಟನ್ ಮೀರುವಂತಿಲ್ಲ. ಪೂರ್ಣ ಭಾರದಲ್ಲಿ ಮೇಲೇರಿದ ಕೂಡಲೇ ಯಾರಿಗೋ ಎದೆನೋವು ಬಂದು ಹಿಂದಿರುಗಬೇಕಾದರೆ 120 ಟನ್ನಿಗೂ ಹೆಚ್ಚು ಭಾರ ಜಾಸ್ತಿ. ಇಂಧನವನ್ನು ಆಕಾಶದಲ್ಲೇ ಚೆಲ್ಲಬೇಕು, ಇಲ್ಲವೇ ತುರ್ತೆಂದು ಭಾರದೊಂದಿಗೇ ಇಳಿಯಬೇಕು. ತೀರ್ಮಾನ ಕ್ಯಾಪ್ಟನ್‌ದು.

ಹಾಗಿದ್ದರೆ ಯಾವಾಗಲೂ ಇನ್ನೊಂದು ಹತ್ತು ಟನ್ ಹೆಚ್ಚಿಗೆ ಹಾಕಿಸಿಕೊಂಡರೆ ನಿಶ್ಚಿಂತೆಯಲ್ಲವೇ? ಇಲ್ಲಿದೆ ಮೂಗಿಗಿಂತ ಮೂಗುತಿ ಭಾರವಾಗುವ ಕತೆ. ಹೆಚ್ಚುವರಿ ಇಂಧನದಲ್ಲಿ ಗಂಟೆಗೆ ಶೇ. 3ರಿಂದ 4ರಷ್ಟು ಅದನ್ನು ಹೊರುವುದಕ್ಕೇ ಉರಿದುಹೋಗುತ್ತದೆ. 17 ಗಂಟೆಯ ಹಾರಾಟ ಮುಗಿಯುವಷ್ಟರಲ್ಲಿ ಹತ್ತರಲ್ಲಿ ನಾಲ್ಕೈದು ಟನ್ ಮಂಗಮಾಯ!

ಆದ್ದರಿಂದ ಲೆಕ್ಕ ಬಿಗಿ. ಜೆಟ್ ವಿಮಾನ ನೆಲ ಮುಟ್ಟುವಾಗ ಟ್ಯಾಂಕಿನಲ್ಲಿ ಕನಿಷ್ಠ 30 ನಿಮಿಷದ ಇಂಧನ ಇರಲೇಬೇಕು. 1,020 ನಿಮಿಷ ಹಾರಿ ಕೊನೆಗೆ ಮುಟ್ಟಬಾರದ ಗಂಟು 30 ನಿಮಿಷದ್ದು. ಅದಕ್ಕೂ ಕೈ ಹಾಕಬೇಕಾದೀತು ಎನ್ನಿಸಿದೊಡನೆ ಕ್ಯಾಪ್ಟನ್ ರೇಡಿಯೋದಲ್ಲಿ 'ಮೇಡೇ ಫ್ಯೂಯೆಲ್' ಎಂದು ಕೂಗಲೇಬೇಕು. ಎಂಜಿನ್ನಿನ ವಿಷಯದಲ್ಲೋ ಧಾರಾಳ: ಏರ್‌ಬಸ್ ಎ350ಕ್ಕೆ ಒಂದೇ ಎಂಜಿನ್ನಿನಲ್ಲಿ 370 ನಿಮಿಷ ದೂರದ ನಿಲ್ದಾಣವನ್ನು ನಂಬಿ ಹಾರಲು ಅನುಮತಿ ಇದೆ. ಬೆಂಗಳೂರಿನಿಂದ ದೆಹಲಿಗೆ ಹೋಗಿ ವಾಪಸು ಬಂದರೂ ಅಷ್ಟು ಹೊತ್ತಾಗದು.

ಎರಡು ಎಂಜಿನ್ನೂ ನಿಂತರೆ? 2001ರ ಆಗಸ್ಟ್ 24. ಟೊರಾಂಟೊದಿಂದ ಲಿಸ್ಬನ್‌ಗೆ 306 ಜನರನ್ನು ಹೊತ್ತ ಏರ್ ಟ್ರಾನ್ಸಾಟ್ ವಿಮಾನ ಅಟ್ಲಾಂಟಿಕ್ ಮೇಲಿತ್ತು. ಇಂಧನ ಲೆಕ್ಕ ಮೀರಿ ಇಳಿಯುತ್ತಲೇ ಇತ್ತು. ಕಂಪ್ಯೂಟರೇ ಸುಳ್ಳು ತೋರಿಸುತ್ತಿರಬಹುದೆಂಬ ಗುಮಾನಿ ಇದ್ದರೂ ಕ್ಯಾಪ್ಟನ್ ರಾಬರ್ಟ್ ಪಿಶೆ ಅಜೋರ್ಸ್ ದ್ವೀಪಗಳ ಲಾಜೆಸ್ ಕಡೆ ಮೂತಿ ತಿರುಗಿಸಿದರು. ಇನ್ನೂ 120 ಕಿ.ಮೀ. ಇರುವಾಗಲೇ ಟ್ಯಾಂಕು ಒಣಗಿತು. ಬೆಂಗಳೂರಿನ ಮೇಲೆ ಎಂಜಿನ್ ಆರಿಸಿ ಮೈಸೂರಿನ ಹತ್ತಿರ ಹೋಗಿ ಇಳಿದಂತೆ, 19 ನಿಮಿಷ ತೇಲಿ ರನ್‌ವೇ ಮುಟ್ಟಿದರು. ಟೈರುಗಳು ಸಿಡಿದವು, 306 ಜನವೂ ಬದುಕಿದರು.

ಅದಾದ ಹದಿನೆಂಟೇ ದಿನಕ್ಕೆ, ಸೆಪ್ಟೆಂಬರ್ 11ರಂದು ಉಗ್ರರ ದಾಳಿಯಿಂದಾಗಿ ಅಮೆರಿಕದ ಆಕಾಶವೇ ಮುಚ್ಚಿತು. ಕಡಲ ಅರ್ಧ ದಾಟಿರದ ವಿಮಾನಗಳು ಯೂರೋಪಿಗೆ ಹಿಂದಿರುಗಿದವು. ಅರ್ಧ ದಾಟಿದವು? ಕೆನಡಾದಲ್ಲಿ 200ಕ್ಕೂ ಹೆಚ್ಚು ವಿಮಾನಗಳು, ಸುಮಾರು 33,000 ಪ್ರಯಾಣಿಕರು! ಹಿಂದೆ ಅಟ್ಲಾಂಟಿಕ್ ದಾಟುವ ವಿಮಾನಗಳು ಇಂಧನಕ್ಕೆಂದೇ ನಿಲ್ಲುತ್ತಿದ್ದ ಗ್ಯಾಂಡರ್ ಎಂಬ ಊರೊಂದಕ್ಕೇ 38 ವಿಮಾನ ಇಳಿದವು. ಊರಿನ ಜನ ಹತ್ತು ಸಾವಿರದಷ್ಟು, ಬಂದ ನೆಂಟರು 6,500ಕ್ಕೂ ಹೆಚ್ಚು. ಅದೇ ಪ್ರಮಾಣದಲ್ಲಿ ಬೆಂಗಳೂರಿಗೆ ಬಂದರೆ ಒಂದೇ ದಿನ 90 ಲಕ್ಷ ಜನಕ್ಕೆ ಊಟ, ಹಾಸಿಗೆ ಹೊಂದಿಸಬೇಕು! ಗ್ಯಾಂಡರ್‌ನವರು ಶಾಲೆ, ಚರ್ಚು, ಸಭಾಭವನಗಳನ್ನೆಲ್ಲ ತೆರೆದು ದಿನಗಟ್ಟಲೆ ಹೊಂದಿಸಿದರು.

ಬರುವ ಚಳಿಗಾಲದಲ್ಲಿ ಬೆಂಗಳೂರಿನ ಮಂಜಿಗೆ ನಿಮ್ಮ ವಿಮಾನ ಚೆನ್ನೈಗೆ ತಿರುಗಿದರೆ ಕ್ಯಾಪ್ಟನ್‌ಗೆ ಬಯ್ಯಬೇಡಿ. ಇವರೆಲ್ಲ ತಿರುಗಿದ ದೂರಕ್ಕೆ ಹೋಲಿಸಿದರೆ ಚೆನ್ನೈ ಪಕ್ಕದ ಮನೆ.