ರಸ್ತೆಯ ಲೆಕ್ಕದಲ್ಲಿ ನಡೆದು ಹೋಗುವವರು

ರಸ್ತೆಯಲ್ಲಿ ಜೀವ ಹೋದಾಗ ನಮ್ಮ ಕಡೆ ಕೇಳಿಬರುವ ಮೊದಲ ಮಾತು 'ಹಣೆಬರಹ'. ಎರಡನೆಯದು 'ಡ್ರೈವರನ ತಪ್ಪು'. ಆಮೇಲೆ ಜನ ಚದುರುತ್ತಾರೆ, ಪೊಲೀಸರು ಪಂಚನಾಮೆ ಮುಗಿಸುತ್ತಾರೆ, ರಸ್ತೆ ಮಾತ್ರ ಇದ್ದಂತೆಯೇ ಇರುತ್ತದೆ. ಆದರೆ ಮೂರು ವರ್ಷಗಳ ಪಂಚನಾಮೆಗಳನ್ನು ಒಟ್ಟಿಗೆ ಇಟ್ಟು ಓದಿದರೆ ಹಣೆಬರಹಕ್ಕೂ ಒಂದು ಲೆಕ್ಕವಿರುವುದು ಗೊತ್ತಾಗುತ್ತದೆ. ಅದೇ ತಿರುವು, ಅದೇ ಹೊತ್ತು, ಅದೇ ಬಗೆಯ ಜನ ಅದರಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ.

ಗದಗ-ಬೆಟಗೇರಿಯ ಸುತ್ತಲಿನ ರಸ್ತೆಗಳನ್ನೇ ನೋಡಿ. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ ಇದೆ. ಹಿಂದೆ ಅದರ ಸಂಖ್ಯೆ 63, ಈಗ 67. ಮುಳಗುಂದದ ಮೇಲೆ ಲಕ್ಷ್ಮೇಶ್ವರಕ್ಕೆ, ಕಪ್ಪತಗುಡ್ಡದ ಆಚೀಚೆ ಶಿರಹಟ್ಟಿಗೆ ಮತ್ತು ಮುಂಡರಗಿಗೆ ಹೋಗುವ ದಾರಿಗಳಿವೆ. ಲಾರಿ, ಬಸ್ಸು, ಟಂಟಂ, ಟ್ರ್ಯಾಕ್ಟರ್, ಚಕ್ಕಡಿ, ಬೈಕು, ಸೈಕಲ್ಲು, ಪಾಟೀಚೀಲ ಹೊತ್ತ ಮಕ್ಕಳು, ಎಲ್ಲರಿಗೂ ಇರುವುದು ಅದೊಂದೇ ದಾರಿ. ಸುಗ್ಗಿಯಲ್ಲಿ ಗೋವಿನಜೋಳದ ರಾಶಿಗೂ ಅಲ್ಲೇ ಜಾಗ. ಇವುಗಳನ್ನೆಲ್ಲ ಸುಧಾರಿಸಲು ಒಮ್ಮೆಲೇ ಹಣ ಸಿಗುವುದಿಲ್ಲ. ಹಾಗಾದರೆ ಮೊದಲು ಯಾವ ಜಾಗ ಸರಿಪಡಿಸಬೇಕು?

ಐನೂರು ಮೀಟರಿನ ಸೂತ್ರ

ಇದಕ್ಕೆ ಸರಕಾರದ ಬಳಿ ಒಂದು ಸೂತ್ರವಿದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ 5 ಅಪಘಾತಗಳು ನಡೆದಿದ್ದರೆ, ಇಲ್ಲವೇ 10 ಜನ ಸತ್ತಿದ್ದರೆ, ಅದು 'ಬ್ಲ್ಯಾಕ್ ಸ್ಪಾಟ್'. ಕೇಂದ್ರ ಸಾರಿಗೆ ಇಲಾಖೆ 2015ರಲ್ಲಿ ಮಾಡಿದ ವ್ಯಾಖ್ಯೆ ಇದು. ಮದ್ರಾಸ್ ಐಐಟಿ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ 'ಐರಾಡ್' ವ್ಯವಸ್ಥೆಯಲ್ಲಿ ಪೊಲೀಸರು ಅಪಘಾತ ನಡೆದ ಸ್ಥಳವನ್ನು ಮೊಬೈಲಿನಲ್ಲೇ ದಾಖಲಿಸುತ್ತಾರೆ. ಮೊದಲು ಇದನ್ನು ಜಾರಿಗೆ ತಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಸೂತ್ರ ಒಳ್ಳೆಯದೇ. ಆದರೆ ಹೆದ್ದಾರಿಗೆ ಹೊಲಿದ ಅಂಗಿ ಹಳ್ಳಿಯ ದಾರಿಗೆ ಸರಿಯಾಗಿ ಕೂರುವುದಿಲ್ಲ. ಶಿರಹಟ್ಟಿ, ಮುಂಡರಗಿಯಂಥ ಕಡೆ ಅಪಘಾತಗಳು ಒಂದೇ ಜಾಗದಲ್ಲಿ ಗುಂಪುಗೂಡದೆ ಊರೂರಿಗೆ ಒಂದರಂತೆ ಚೆಲ್ಲಿಹೋದರೆ, ಯಾವ 500 ಮೀಟರೂ ಐದರ ಗಡಿ ಮುಟ್ಟುವುದಿಲ್ಲ. ಕಾಲು ಮುರಿದುಕೊಂಡ ಕೂಲಿಕಾರ ಠಾಣೆಗೆ ಹೋಗದಿದ್ದರೆ ಅವನ ನೋವು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಎಷ್ಟು ಅಪಘಾತ ಎಂಬುದರ ಜೊತೆಗೆ ಯಾರಿಗೆ ಅಪಘಾತ ಎಂದೂ ಕೇಳಬೇಕಾಗುತ್ತದೆ.

ಸಾಯುವವರು ಯಾರು?

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಪ್ರತಿ ನೂರು ಸಾವಿನಲ್ಲಿ ಸುಮಾರು 44 ಮಂದಿ ದ್ವಿಚಕ್ರ ವಾಹನದವರು, 19 ಮಂದಿ ನಡೆದು ಹೋಗುತ್ತಿದ್ದವರು. ಮೈಮೇಲೆ ತಗಡಿನ ರಕ್ಷಣೆಯಿಲ್ಲದವರೇ ಹೆಚ್ಚು. ಅದೇ ವರ್ಷ 18 ತುಂಬದ 9,528 ಮಕ್ಕಳು ತೀರಿಕೊಂಡರು.

ಪೆಟ್ಟು ಬಿದ್ದ ಮೇಲೂ ಎಲ್ಲರ ನಷ್ಟ ಒಂದೇ ಅಲ್ಲ. ವಿಶ್ವಬ್ಯಾಂಕ್ ಮತ್ತು ಸೇವ್‌ಲೈಫ್ ಸಂಸ್ಥೆ ನಾಲ್ಕು ರಾಜ್ಯಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಪಘಾತದಿಂದ ಬಡ ಕುಟುಂಬಕ್ಕಾಗುವ ನಷ್ಟ ಏಳು ತಿಂಗಳ ಆದಾಯಕ್ಕಿಂತ ಹೆಚ್ಚು. ಉಳ್ಳವರಿಗೆ ಅದು ಒಂದು ತಿಂಗಳ ಆದಾಯಕ್ಕಿಂತ ಕಡಿಮೆ. ಬೆಂಗಳೂರು ಮತ್ತು ಬಾಂಗ್ಲಾದೇಶದಲ್ಲಿ ಮನೆಮನೆಗೆ ಹೋಗಿ ಮಾಡಿದ, 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತೂ ಕಹಿಯಾದ ಸಂಗತಿಯನ್ನು ಹೇಳಿತು: ಸಾವಿನ ನಂತರ ಬಡವರೆನಿಸಿಕೊಂಡ ಬಹಳ ಮನೆಗಳು ಮೊದಲು ಬಡವಾಗಿರಲಿಲ್ಲ. ದುಡಿಯುವ ಕೈ ಹೋದ ಮನೆಯಲ್ಲಿ ಮಗಳ ಕಾಲೇಜಿನ ಶುಲ್ಕ ಎಲ್ಲಿಂದ ಬರಬೇಕು?

ಒಂದು ಲೆಕ್ಕ ಮಾಡೋಣ

ವಿದ್ಯಾರ್ಥಿಗಳೇ, ಪೆನ್ಸಿಲ್ ತೆಗೆದುಕೊಳ್ಳಿ. ಇದು ಊಹೆಯ ಲೆಕ್ಕ. 'ಅ' ಎಂಬ ತಿರುವಿನಲ್ಲಿ ಮೂರು ವರ್ಷಗಳಲ್ಲಿ 6 ಅಪಘಾತ. ಹೆಚ್ಚಿನವು ರಾತ್ರಿ ವೇಗವಾಗಿ ಬಂದ ಕಾರುಗಳವು. 'ಆ' ಎಂಬ ಶಾಲೆಯ ಮುಂದೆ 3 ಅಪಘಾತ. ಮೂವರೂ ನಡೆದು ಹೋಗುತ್ತಿದ್ದವರು, ದಿನಕ್ಕೆ 400 ಮಕ್ಕಳು ಅಲ್ಲೇ ದಾಟುತ್ತಾರೆ, ಬೇರೆ ದಾರಿಯಿಲ್ಲ. ಬರೀ ಎಣಿಸಿದರೆ 'ಅ' ಮೊದಲು. ಸೂತ್ರದ ಪಟ್ಟಿಯಲ್ಲಿ 'ಆ' ಹೆಸರೇ ಬರುವುದಿಲ್ಲ. ಆದರೆ 'ಆ'ದಲ್ಲಿ ಬೇಕಾದುದು ಎರಡು ಹಂಪು, ಜೀಬ್ರಾ ಪಟ್ಟಿ, ಒಂದು ದೀಪದ ಕಂಬ. ಖರ್ಚು ಕಡಿಮೆ, ಉಳಿಯುವ ಜೀವ ಹೆಚ್ಚು. 'ಅ'ವನ್ನು ಕೈಬಿಡಬೇಕೆಂದಲ್ಲ, 'ಆ'ವನ್ನು ಮರೆಯಬಾರದು, ಅಷ್ಟೆ.

ಹಂಪು ಯಾಕೆ ಎಂದು ಭೌತಶಾಸ್ತ್ರದ ಮೇಷ್ಟ್ರನ್ನು ಕೇಳಿ. ವೇಗ 30ರಿಂದ 60 ಕಿಲೋಮೀಟರಿಗೆ ಏರಿದರೆ ಪೆಟ್ಟಿನ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಗದಗ ಜಿಲ್ಲೆಯಾದ 1997ರಲ್ಲೇ ಸ್ವೀಡನ್ನಿನ ಸಂಸತ್ತು 'ಶೂನ್ಯ ಸಾವು' ಎಂಬ ನೀತಿಯನ್ನು ಒಪ್ಪಿತು. ಮನುಷ್ಯ ತಪ್ಪು ಮಾಡುವವನೇ, ಆ ತಪ್ಪಿಗೆ ಅವನ ಪ್ರಾಣ ಹೋಗದಂತೆ ರಸ್ತೆ ಇರಬೇಕು ಎಂಬುದು ಅದರ ತಿರುಳು.

ಗದಗಿಗೆ ಈ ಮಾತು ಹೊಸದೇನೂ ಆಗಬಾರದು. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ಊರಿದು. ಕೋಲು ಹಿಡಿದು ಬರುವ ಹುಡುಗ ನಿರ್ಭಯವಾಗಿ ದಾಟಬಲ್ಲ ರಸ್ತೆಯನ್ನು ಅಜ್ಜಿಯೂ ದಾಟುತ್ತಾಳೆ, ಒಂದನೆಯ ಇಯತ್ತೆಯ ಮಗುವೂ ದಾಟುತ್ತದೆ.

ಮನೆಯಲ್ಲಿ, ಶಾಲೆಯಲ್ಲಿ

ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇರಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಿಮ್ಮ ತರಗತಿಯವರು ಒಂದು ತಿಂಗಳು ಶಾಲೆಯ ದಾರಿಯ ನಕ್ಷೆ ಬರೆಯಿರಿ. ಎಲ್ಲಿ ಫುಟ್‌ಪಾತ್ ಇಲ್ಲ, ಎಲ್ಲಿ ದೀಪವಿಲ್ಲ, ಯಾವ ಹೊತ್ತಿನಲ್ಲಿ ಎಷ್ಟು ಮಕ್ಕಳು ದಾಟುತ್ತಾರೆ, ಎಲ್ಲಿ ಸ್ವಲ್ಪದರಲ್ಲೇ ಬಚಾವಾದಿರಿ ಎಂದು ಗುರುತು ಹಾಕಿ. ಪೊಲೀಸರ ದಾಖಲೆಯಲ್ಲಿ ಇಲ್ಲದ ಸಂಗತಿಗಳು ಇವು. ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಸಮಿತಿಗೆ ಕೊಟ್ಟರೆ ಅದು ಬರೀ ಅರ್ಜಿಯಲ್ಲ, ಆಧಾರವುಳ್ಳ ಬೇಡಿಕೆ.

ತಂದೆ-ತಾಯಂದಿರಿಗೂ ಪಾಲಿದೆ. 18 ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಟ್ಟು ಅವನು ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ ಪಾಲಕರಿಗೆ ಮೂರು ವರ್ಷಗಳವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಹೆಲ್ಮೆಟ್ ಇಲ್ಲದೆ 2022ರಲ್ಲಿ ಸತ್ತ 50,029 ಜನರಲ್ಲಿ 14,337 ಮಂದಿ ಹಿಂದೆ ಕುಳಿತವರು. ಅಮ್ಮನ ತಲೆಗೂ ಒಂದು ಹೆಲ್ಮೆಟ್ ಬೇಕು. ರಾತ್ರಿ ನಿಲ್ಲಿಸುವ ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸುವುದು ದೊಡ್ಡ ಖರ್ಚೇನಲ್ಲ.

ರಸ್ತೆ ಎಲ್ಲರ ತೆರಿಗೆಯಿಂದ ಆಗುತ್ತದೆ. ಅದರ ದುರಸ್ತಿಯ ಪಟ್ಟಿ ಬರೆಯುವಾಗ ಬರಿಗಾಲಲ್ಲಿ ನಡೆಯುವವನ ಹೆಸರು ಕೊನೆಗೆ ಉಳಿಯಬಾರದು.