ಮುಂದಿನ ಸ್ಪ್ರಿಂಗ್ ಬಿಡಿ, ಮೊದಲು ಟೈರ್ ನೋಡಿ

ಸಿಂದಗಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ಮಗಳು ಪಿಯುಸಿ ಓದುತ್ತಿದ್ದಾಳೆ. ಕಾಲೇಜಿಗೆ ಹೋಗಿ ಬರಲು, ರಜೆಯಲ್ಲಿ ಹೊಲದ ದಾರಿ, ದಿನ್ನೆ ಸುತ್ತಲು ಮೌಂಟನ್ ಬೈಕ್ ಬೇಕು ಅನ್ನುತ್ತಾಳೆ. 15,000 ರೂಪಾಯಿ ಇಟ್ಟುಕೊಂಡಿದ್ದೇನೆ. ಅಂಗಡಿಯವರು, ಇಪ್ಪತ್ತೊಂದು ಗೇರ್ ಅದಾವ್ರಿ, ಮುಂದ ಶಾಕ್ ಅದರಿ, ಡಬಲ್ ಡಿಸ್ಕ್ ಅದರಿ ಅಂತಾರೆ. ಇದರಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು?’

ಈ ಮೂರರಲ್ಲಿ ಎರಡಕ್ಕೆ ಅಷ್ಟು ಬೆಲೆ ಕೊಡಬೇಕಿಲ್ಲ. ಅಂಗಡಿಯವರು ಹೇಳದೆ ಬಿಟ್ಟ ನಾಲ್ಕನೆಯದೊಂದಿದೆ, ಅದು ಟೈರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನೆಲಕ್ಕೆ ಸೈಕಲ್ ಆರಿಸುವಾಗ ಮೊದಲು ಕೈ ಹೋಗಬೇಕಾದದ್ದು ಅದರ ಮೇಲೆ.

ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗ್ ಇದ್ದು ಹಿಂಭಾಗ ಗಟ್ಟಿಯಾಗಿರುವ ಸೈಕಲ್ಲನ್ನು ‘ಹಾರ್ಡ್‌ಟೇಲ್’ ಎನ್ನುತ್ತಾರೆ. ಈ ಬೆಲೆಗೆ ಹಿಂದೆಯೂ ಸ್ಪ್ರಿಂಗ್ ಹಾಕಿದ ಸೈಕಲ್ಲುಗಳು ಸಿಗುತ್ತವೆ. ಅವುಗಳ ಕಡೆ ನೋಡುವುದೇ ಬೇಡ. ಪೆಡಲ್ ತುಳಿದ ಬಲದಲ್ಲಿ ಒಂದು ಪಾಲು ಸ್ಪ್ರಿಂಗ್ ಕುಣಿಸುವುದಕ್ಕೇ ಹೋಗುತ್ತದೆ, ಮೇಲೆ ಎರಡು ಮೂರು ಕೆ.ಜಿ. ತೂಕ ಸುಮ್ಮನೆ ಸೇರುತ್ತದೆ. ಹಾರ್ಡ್‌ಟೇಲಿನ ಮುಂದಿನ ಸ್ಪ್ರಿಂಗಾದರೂ ಬೇಕೇ?

ಮೌಂಟನ್ ಬೈಕ್ ಹುಟ್ಟಿದ್ದು ಸ್ಪ್ರಿಂಗ್ ಇಲ್ಲದೆಯೇ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರ್ 21ರಂದು ಒಂದಷ್ಟು ಹುಡುಗರು ಗುಡ್ಡದ ಮಣ್ಣುದಾರಿಯಲ್ಲಿ ಇಳಿಜಾರಿನ ಓಟ ಶುರುಮಾಡಿದರು. ಸುಮಾರು ಮೂರೂವರೆ ಕಿಲೋಮೀಟರ್ ದೂರ, 400 ಮೀಟರ್ ಇಳಿತ. ಅವರ ಕೈಯಲ್ಲಿದ್ದದ್ದು ಎರಡನೇ ಮಹಾಯುದ್ಧಕ್ಕೂ ಹಿಂದಿನ, ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್ಲುಗಳು. ಪೆಡಲನ್ನು ಹಿಂದಕ್ಕೆ ತುಳಿದರೆ ಹಬ್ಬಿನೊಳಗೇ ಹಿಡಿಯುವ ಬ್ರೇಕು. ಗುಡ್ಡ ಇಳಿಯುವಷ್ಟರಲ್ಲಿ ಹಬ್ ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸದಾಗಿ ಗ್ರೀಸ್ ತುಂಬಬೇಕು, ಆದ್ದರಿಂದಲೇ ಆ ಓಟಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂತು. ಓಟ ನಡೆಸಿದವನು ಚಾರ್ಲಿ ಕೆಲ್ಲಿ, ಓಡಿದವರಲ್ಲಿ ಗ್ಯಾರಿ ಫಿಶರ್, ಜೋ ಬ್ರೀಜ್ ಇದ್ದರು. 1977ರಲ್ಲಿ ಬ್ರೀಜ್ ಇಂಥ ದಾರಿಗೆಂದೇ ಹೊಸ ಫ್ರೇಮ್ ಕಟ್ಟಿದ. ಸ್ಪ್ರಿಂಗ್ ಇರುವ ಫೋರ್ಕು ಅಂಗಡಿಗೆ ಬಂದು ನಿಂತದ್ದು 1990ರ ಹೊತ್ತಿಗೆ. ಅಲ್ಲಿಯವರೆಗೆ ಅವರನ್ನು ಆ ಗುಡ್ಡದಿಂದ ಕ್ಷೇಮವಾಗಿ ಇಳಿಸಿದ್ದು ದಪ್ಪ ಟೈರು ಮತ್ತು ಅದರೊಳಗಿನ ಗಾಳಿ.

ಆ ಗಾಳಿಯ ಕಥೆ ಇನ್ನೂ ಹಳೆಯದು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಟೈರು ಮಾಡಿ ಹಕ್ಕುಪತ್ರ ಪಡೆದ. ರಾಬರ್ಟ್ ಥಾಮ್ಸನ್ ಎಂಬಾತ ಅವನಿಗಿಂತ ನಾಲ್ಕು ದಶಕ ಮೊದಲೇ ಇದನ್ನು ಕಂಡುಹಿಡಿದಿದ್ದರೂ ಲೋಕ ಅದನ್ನು ಮರೆತಿತ್ತು. ಕಲ್ಲು ಹಾಸಿದ ಬೀದಿಯಲ್ಲಿ ಎಲುಬು ಅಲುಗದಂತೆ ಹೋಗುವುದು ಹೇಗೆ ಎಂಬುದೇ ಇಬ್ಬರ ಪ್ರಶ್ನೆಯೂ. ಟೈರು ಹುಟ್ಟಿದ್ದೇ ಶಾಕ್ ಅಬ್ಸಾರ್ಬರ್ ಆಗಿ ಎಂದರೆ ತಪ್ಪಾಗದು.

ಇದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಇಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಹೊರಟ ಎತ್ತಿನಗಾಡಿಗಳನ್ನು ನೋಡಿ. ಕಬ್ಬಿಣದ ಪಟ್ಟಿ ಬಡಿದ ಕಟ್ಟಿಗೆ ಗಾಲಿ ಹೋಗಿ ಟೈರ್ ಗಾಲಿ ಬಂದಿದೆ. ಕಬ್ಬಿಣದ ಪಟ್ಟಿ ಎರೆಮಣ್ಣನ್ನು ಚಾಕುವಿನಂತೆ ಸೀಳಿ ಒಳಗಿಳಿಯುತ್ತದೆ, ಮೆಕ್ಕಲಿನಲ್ಲಿ ಹೂತ ಗಾಲಿಯನ್ನು ಎತ್ತು ಎಳೆಯಬೇಕು. ಟೈರು ಅಗಲವಾಗಿ ಕೂತು ಭಾರವನ್ನು ಹರಡುತ್ತದೆ. ಕಲ್ಲು ಬಂದರೆ ಕಬ್ಬಿಣದ ಗಾಲಿ ಇಡೀ ಗಾಡಿಯನ್ನೇ ಎತ್ತಿ ಆಚೆ ಇಳಿಸುತ್ತದೆ. ಆ ಎತ್ತುವ ಕೆಲಸವನ್ನೆಲ್ಲ ಮಾಡುವುದು ಎತ್ತು. ಗಾಳಿ ಟೈರು ಕಲ್ಲನ್ನು ತನ್ನೊಳಗೆ ಮಡಿಸಿಕೊಂಡು ದಾಟಿಬಿಡುತ್ತದೆ. ಸೈಕಲ್ಲಿನಲ್ಲಿ ಎತ್ತಿನ ಜಾಗದಲ್ಲಿ ನಿಮ್ಮ ಮಗಳ ತೊಡೆಗಳಿವೆ, ಭೌತವಿಜ್ಞಾನ ಅದೇ.

ಲೆಕ್ಕ ಹಾಕೋಣ. ಸವಾರಿ ಮಾಡುವವಳು 50 ಕೆ.ಜಿ., ಸೈಕಲ್ 15 ಕೆ.ಜಿ. ಇದ್ದರೆ ಹಿಂದಿನ ಗಾಲಿಯ ಮೇಲೆ ಸುಮಾರು 40 ಕೆ.ಜಿ. ಬೀಳುತ್ತದೆ. ಟೈರಿನ ಒತ್ತಡ 60 ಪಿಎಸ್ಐ ಇದ್ದರೆ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 9.5 ಚದರ ಸೆಂಟಿಮೀಟರ್. 30 ಪಿಎಸ್ಐಗೆ ಇಳಿಸಿದರೆ 19. ಅರ್ಧ ಒತ್ತಡ, ನೆಲಕ್ಕೆ ತಾಗುವ ಜಾಗ ಎರಡು ಪಟ್ಟು. ಆದರೆ ನಮ್ಮಲ್ಲಿ ‘ಕಲ್ಲಿನಂಗ ಗಾಳಿ ಹೊಡಿ’ ಎನ್ನುವ ರೂಢಿ. ಅಜ್ಜನ ಕಾಲದ ಕಿರಿದಾದ ಟೈರಿಗೆ ಅದು ಸರಿಯಾಗಿತ್ತು. ಎರಡು ಇಂಚಿಗೂ ಮೀರಿದ ಟೈರಿಗೆ ಅದನ್ನೇ ಮಾಡಿದರೆ ಅದರ ಗುಣವೇ ಕಳೆದುಹೋಗುತ್ತದೆ. ತೀರಾ ಇಳಿಸಿದರೂ ಕಷ್ಟ: ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ.

ಅಗ್ಗದ ಸ್ಪ್ರಿಂಗ್ ಫೋರ್ಕ್ ಇದಕ್ಕೆ ಏನು ಸೇರಿಸುತ್ತದೆ? ಬಹಳ ಕಡಿಮೆ. ಒಂದರೊಳಗೊಂದು ಜಾರುವ ಕೊಳವೆಗಳ ನಡುವೆ ಸ್ಥಿತ ಘರ್ಷಣೆ ಇರುತ್ತದೆ. ಸಣ್ಣ ಕಲ್ಲು ಕೊಡುವ ಪೆಟ್ಟು ಆ ಘರ್ಷಣೆಯನ್ನು ಮೀರುವಷ್ಟಿರುವುದಿಲ್ಲ, ಫೋರ್ಕು ಅಲುಗುವುದೇ ಇಲ್ಲ. ಅಂದರೆ ದಿನವೂ ಎದುರಾಗುವ ನೂರಾರು ಸಣ್ಣ ಪೆಟ್ಟುಗಳನ್ನು ನುಂಗುವುದು ಟೈರೇ. ದೊಡ್ಡ ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಕುಗ್ಗುತ್ತದೆ, ನಿಜ. ಆದರೆ ಒಳ್ಳೆಯ ಫೋರ್ಕಿನಲ್ಲಿ ಸ್ಪ್ರಿಂಗಿನ ಜೊತೆ ಎಣ್ಣೆ ಇರುತ್ತದೆ. ಸಣ್ಣ ರಂಧ್ರದ ಮೂಲಕ ನುಗ್ಗುವ ಎಣ್ಣೆ ಆ ಶಕ್ತಿಯನ್ನು ಶಾಖವಾಗಿ ಕರಗಿಸುತ್ತದೆ. ಅಗ್ಗದ್ದರಲ್ಲಿ ಎಣ್ಣೆಯ ವ್ಯವಸ್ಥೆಯೇ ಇಲ್ಲ. ಕುಗ್ಗಿದ ಸ್ಪ್ರಿಂಗ್ ಅಷ್ಟೇ ವೇಗದಲ್ಲಿ ಹ್ಯಾಂಡಲನ್ನು ಮೇಲಕ್ಕೆ ಒಗೆಯುತ್ತದೆ. ಇಂಥ ಫೋರ್ಕಿನ ತೂಕ ಎರಡೂವರೆ ಕೆ.ಜಿ. ಆಸುಪಾಸು, ಸ್ಪ್ರಿಂಗ್ ಇಲ್ಲದ ಉಕ್ಕಿನ ಫೋರ್ಕು ಅದರ ಅರ್ಧ. ಅಂಗಡಿಯಲ್ಲೇ ನೋಡಬಹುದು: ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಜೋರಾಗಿ ಒತ್ತಿ ಬಿಡಿ. ತಟ್ಟನೆ ಪುಟಿದು ಬಂದರೆ ಒಳಗೆ ಬರೀ ಸ್ಪ್ರಿಂಗ್ ಇದೆ ಎಂದೇ ಲೆಕ್ಕ. ಸ್ಪ್ರಿಂಗ್ ಇಲ್ಲದ, ಅಗಲ ಟೈರಿನ ಸೈಕಲ್ ಸಿಕ್ಕರೆ ನನ್ನ ಮತ ಅದಕ್ಕೇ.

ಸ್ಪರ್ಧೆಯ ಮಾತು ಬೇರೆ. ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ 2021ರಲ್ಲಿ ನಮ್ಮ ಗದಗದಲ್ಲೇ ನಡೆಯಿತು, ವಿಜಯಪುರ-ಬಾಗಲಕೋಟೆಯ ಹುಡುಗ ಹುಡುಗಿಯರು ಸೈಕ್ಲಿಂಗಿನಲ್ಲಿ ದೇಶಕ್ಕೇ ಹೆಸರಾದವರು. ಆ ಮಟ್ಟಕ್ಕೆ ಗಾಳಿ ಮತ್ತು ಎಣ್ಣೆಯ ಒಳ್ಳೆಯ ಫೋರ್ಕ್ ಬೇಕೇ ಬೇಕು. ಆದರೆ ಆ ಫೋರ್ಕೊಂದರ ಬೆಲೆಯೇ ನಿಮ್ಮ ಇಡೀ ಬಜೆಟ್ಟನ್ನು ಮೀರುತ್ತದೆ.

ಇನ್ನು ಮಣ್ಣು. ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎನ್ನುವ ಸೀಮೆ ಇದು. ಡೋಣಿ ನದಿ ದಂಡೆಯ ಎರೆಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ಪದರ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ತೆಳು. ನೀರು ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ನೆಲ ಮಳೆಗೆ ಅಂಟಾಗುವುದು ಇದರಿಂದ. ಸೈಕಲ್ ನೂರು ಹೆಜ್ಜೆ ಹೋಗುವಷ್ಟರಲ್ಲಿ ಗಾಲಿ, ಫೋರ್ಕು, ಮಡ್‌ಗಾರ್ಡ್ ಎಲ್ಲ ಒಂದೇ ಗಡ್ಡೆ. ದಾರಿಯಲ್ಲಿ ನಿಂತು ಜಾಲಿ ಕಡ್ಡಿಯಿಂದ ಕೆರೆಯದಿದ್ದರೆ ಗಾಲಿ ತಿರುಗದು. ಆದ್ದರಿಂದ ಟೈರಿಗೂ ಫೋರ್ಕಿಗೂ, ಟೈರಿಗೂ ಹಿಂದಿನ ಕೊಳವೆಗಳಿಗೂ ನಡುವೆ ಒಂದು ಬೆರಳಾದರೂ ಸರಾಗವಾಗಿ ಹೋಗಬೇಕು. ಡಿಸ್ಕ್ ಬ್ರೇಕಿಗೆ ಕೊಡುವ ದುಡ್ಡು ಸಾರ್ಥಕವಾಗುವುದೂ ಇಲ್ಲೇ. ರಿಮ್ಮನ್ನು ಹಿಡಿಯುವ ಬ್ರೇಕಿನ ರಬ್ಬರಿಗೆ ಈ ಕೆಸರು ಅರದಂತೆ ಕೆಲಸ ಮಾಡುತ್ತದೆ. ಡಿಸ್ಕ್ ಗಾಲಿಯ ನಡುವೆ ಎತ್ತರದಲ್ಲಿರುವುದರಿಂದ ಬಹುಮಟ್ಟಿಗೆ ಪಾರಾಗುತ್ತದೆ. ಕೇಬಲ್ಲಿನಿಂದ ಎಳೆಯುವಂಥದ್ದು ಸಾಕು, ಊರಿನ ಮೆಕ್ಯಾನಿಕ್ಕೇ ರಿಪೇರಿ ಮಾಡಬಲ್ಲ.

ಇಪ್ಪತ್ತೊಂದು ಗೇರಿಗೆ ಮಾರುಹೋಗಬೇಡಿ. ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28 ಹಲ್ಲಿನ ಏಳು ಚಕ್ರ, ಮೂರೇಳಲಿ ಇಪ್ಪತ್ತೊಂದು. ಆದರೆ 42ನ್ನು 28ರಿಂದ ಭಾಗಿಸಿದರೂ ಒಂದೂವರೆ, 24ನ್ನು 16ರಿಂದ ಭಾಗಿಸಿದರೂ ಒಂದೂವರೆ. ಎರಡು ಬೇರೆ ಗೇರು, ಒಂದೇ ಫಲ. ಇಂಥ ಪುನರಾವರ್ತನೆ ಹಲವಿವೆ. ಒಟ್ಟು ವ್ಯಾಪ್ತಿ 0.86ರಿಂದ 3. ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 34ರವರೆಗಿನ ಎಂಟು ಇರುವ ಸೈಕಲ್ಲಿನದು 0.94ರಿಂದ 2.9. ಎಂಟು ಗೇರಿನಲ್ಲೇ ಕೆಲಸ ಮುಗಿಯಿತು, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಮುಂದಿನ ಡಿರೇಲರಿನ ಕಿರಿಕಿರಿಯೂ ಇಲ್ಲ. ಹಿಂದಿನ ಹಲ್ಲುಚಕ್ರಗಳು ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್ ಮಾದರಿಯವಾಗಿದ್ದರೆ ಇನ್ನೂ ಒಳ್ಳೆಯದು. ಹಬ್ಬಿಗೆ ತಿರುಚಿ ಕೂರಿಸುವ ಫ್ರೀವೀಲಿನಲ್ಲಿ ಬಲಗಡೆಯ ಬೇರಿಂಗ್ ತುಂಬ ಒಳಗಿರುತ್ತದೆ, ಹೊರಗೆ ಚಾಚಿದ ಆಕ್ಸಲ್ ಗುಂಡಿಗೆ ಬಿದ್ದಾಗ ಬಾಗುತ್ತದೆ.

ಗಾಲಿ 26 ಇಂಚೋ, 27.5ಓ, 29ಓ ಎಂಬ ವಾದ ದೊಡ್ಡದು, ವ್ಯತ್ಯಾಸ ಸಣ್ಣದು. ಟೈರಿನ ಪಕ್ಕದಲ್ಲಿ 50-559 ಎಂಬಂಥ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ಟೈರು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 26ಕ್ಕೆ 559, 27.5ಕ್ಕೆ 584, 29ಕ್ಕೆ 622. ಆ ಸಂಖ್ಯೆಯ ಟೈರು, ಟ್ಯೂಬು ನಿಮ್ಮೂರ ಬಜಾರಿನಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ, ಆಮೇಲೆ ಸೈಕಲ್ ಆರಿಸಿ.

ಟ್ಯೂಬು ಪದೇಪದೇ ಬೇಕಾಗುವುದು ನೆಗ್ಗಿಲು ಮುಳ್ಳಿನ ದೆಸೆಯಿಂದ. ಇದರ ಕಾಯಿ ಒಣಗಿ ಐದು ಹೋಳಾಗುತ್ತದೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ. ಅಮೆರಿಕದ ಪಶ್ಚಿಮ ರಾಜ್ಯಗಳ ಸೈಕಲ್ ಸವಾರರನ್ನು ಕಾಡುವುದೂ ಇದೇ ಗಿಡ. ಇದನ್ನು ಹತ್ತಿಕ್ಕಲು 1961ರಲ್ಲಿ ಅಲ್ಲಿಗೆ ತಂದುಬಿಟ್ಟ ಎರಡು ಜಾತಿಯ ಸೊಂಡಿಲು ಕೀಟಗಳ ಮೂಲನೆಲೆಗಳಲ್ಲಿ ನಮ್ಮ ಭಾರತವೂ ಒಂದು. ಒಂದು ಕೀಟ ಕಾಯನ್ನು ಕೊರೆಯುತ್ತದೆ, ಇನ್ನೊಂದು ದಂಟನ್ನು. ನಾವು ಮಾಡಬಹುದಾದದ್ದು, ಟ್ಯೂಬಿನೊಳಗೆ ತೂತು ಮುಚ್ಚುವ ದ್ರವ ಹಾಕಿಸುವುದು. ಅದಕ್ಕೆ ಬೇಕಾದ ದುಡ್ಡು ತೆರಿಗೆಯಲ್ಲೇ ಉಳಿಯುತ್ತದೆ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಮೊದಲು ತೆರಿಗೆ ಸೇರಿ 15,000 ಇದ್ದ ಸೈಕಲ್ಲಿಗೆ ಈಗ 14,063 ಆಗಬೇಕು. ಉಳಿದ ಒಂಬತ್ತು ನೂರು ಚಿಲ್ಲರೆಯಲ್ಲಿ ಆ ದ್ರವ, ಒಂದು ಹೆಚ್ಚುವರಿ ಟ್ಯೂಬು, ಒತ್ತಡ ತೋರಿಸುವ ಮೀಟರಿನ ಪಂಪು ಕೊಳ್ಳಿ. 50 ಕೆ.ಜಿ.ಯ ಹುಡುಗಿ ಹೊಲದ ದಾರಿಗೆ 30 ಪಿಎಸ್ಐನಿಂದ ಶುರುಮಾಡಲಿ, ಹಿಂದಿನ ಗಾಲಿಗೆ ಎರಡು ಹೆಚ್ಚು, ಮುಂದಿನದಕ್ಕೆ ಎರಡು ಕಡಿಮೆ.