ಬಾಂಗಡೆಯನ್ನು ಹಸಿಯಾಗಿ ತಿನ್ನಬಹುದೇ?

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸರ ಸಾಲನ್ನು ಒಮ್ಮೆ ಗಮನಿಸಿ ನೋಡಿ. ಬಾಂಗಡೆ, ತಾರ್ಲೆ, ಶೆಟ್ಲಿಗಳ ಪಕ್ಕದಲ್ಲೇ ಕಾಳಿ ನದಿಯ ಅಳಿವೆಯಿಂದ ಬಂದ ತಿಸರೆ, ಬಂಡೆಯಿಂದ ಕೆತ್ತಿ ತೆಗೆದ ಕಲ್ವ, ಮೋರಿ ಎಂದು ಕರೆಯುವ ಪುಟ್ಟ ಶಾರ್ಕ್ ಮೀನು ಎಲ್ಲವೂ ಕಾಣಸಿಗುತ್ತವೆ. ಘಟ್ಟದ ಮೇಲಿನವರಿಗೆ ಮೋರಿ ಎಂದರೆ ಚರಂಡಿ. ಅದನ್ನು ಸಾರು ಮಾಡಿ ಉಣ್ಣುತ್ತಾರೆಂದರೆ ಅವರು ನಕ್ಕಾರು. ಇಷ್ಟೆಲ್ಲ ಬಗೆಯ ಜೀವಿಗಳನ್ನು ಪ್ರೀತಿಯಿಂದ ತಿನ್ನುವ ಈ ಊರಿನಲ್ಲಿ, ಮೀನನ್ನು ಬೇಯಿಸದೆ ಹಾಗೆಯೇ ತಿನ್ನುತ್ತೀರಾ ಎಂದು ಕೇಳಿ ನೋಡಿ. ಉತ್ತರ ಮಾತಿನಲ್ಲಿ ಬರುವುದಿಲ್ಲ, ಮುಖದಲ್ಲಿ ಬರುತ್ತದೆ. ಆದರೆ ಜಪಾನಿನಲ್ಲಿ ಹಸಿ ಮೀನಿನ ತೆಳು ಹೋಳು ಅತಿಥಿಗೆ ಸಲ್ಲುವ ಮರ್ಯಾದೆ.

ಯಾರು ಸರಿ? ಈ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಒಂದು ಅಸಹ್ಯ, ಇನ್ನೊಂದು ಅಪಾಯ. ಇವೆರಡನ್ನೂ ನಾವು ಒಂದೇ ಎಂದು ತಿಳಿಯುತ್ತೇವೆ. ಹಾಗೆ ತಿಳಿದುದರಿಂದ ಆಗುವ ನಷ್ಟ ಸಣ್ಣದಲ್ಲ.

ಕಲಿತ ಅಸಹ್ಯ

ಅಂಬೆಗಾಲಿಡುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಇದು ತಿನ್ನುವಂಥದ್ದು, ಇದು ಛೀ ಎನ್ನುವಂಥದ್ದು ಎಂಬುದನ್ನು ಅದು ಮನೆಯವರ ಮುಖ ನೋಡಿ ಕಲಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಸಂಪೂರ್ಣ ಕ್ರಿಮಿಶುದ್ಧಗೊಳಿಸಿದ ಸತ್ತ ಜಿರಳೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. ರಸದಲ್ಲಿ ರೋಗಾಣು ಸೇರಿರಲು ಸಾಧ್ಯವಿಲ್ಲ. ಆದರೂ ಅದನ್ನು ಕುಡಿಯುವ ಮನಸ್ಸು ಜನರಿಗೆ ಬರಲಿಲ್ಲ. ಅಪಾಯವಿಲ್ಲ ಎಂಬ ತಿಳಿವಳಿಕೆ ಅಸಹ್ಯವನ್ನು ಅಳಿಸಲಿಲ್ಲ.

ಇದೇ ಪ್ರಯೋಗವನ್ನು ಉತ್ತರ ಕನ್ನಡದಲ್ಲಿ ಜಿರಳೆಯಿಲ್ಲದೆಯೇ ಮಾಡಬಹುದು. ಘಟ್ಟದ ಕಾಡಂಚಿನ ಹಳ್ಳಿಗಳಲ್ಲಿ ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆಯಿಂದ ಚಟ್ನಿ ಮಾಡುವವರಿದ್ದಾರೆ. ಈ ಇರುವೆಯೇ ಚಿಗಳಿ. ಅದರ ಹುಳಿಗೆ ಕಾರಣ ಫಾರ್ಮಿಕ್ ಆಮ್ಲ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಇಂಥದೇ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಶೆಟ್ಲಿಯನ್ನು ಚಪ್ಪರಿಸಿ ತಿನ್ನುವ ಕಾರವಾರದವರೂ ಚಿಗಳಿ ಎಂದರೆ ಮುಖ ಸಿಂಡರಿಸಬಹುದು. ಜೀವಶಾಸ್ತ್ರದ ಪುಸ್ತಕ ತೆರೆದರೆ ಎರಡೂ ಸಂಧಿಪದಿಗಳೇ: ಕೀಲುಳ್ಳ ಕಾಲು, ಕೈಟಿನ್ ಹೊದಿಕೆ, ಖಂಡಗಳಾದ ದೇಹ. ಇವು ಎಷ್ಟು ಹತ್ತಿರದ ಸಂಬಂಧಿಗಳೆಂದರೆ, ಎರಡರ ಸ್ನಾಯುವಿನಲ್ಲೂ ಟ್ರೋಪೊಮಯೊಸಿನ್ ಎಂಬ ಪ್ರೋಟೀನು ಬಹುಪಾಲು ಒಂದೇ ರೀತಿಯದು. ಸಿಗಡಿ ತಿಂದರೆ ಮೈ ದದ್ದೇಳುವವರು ಕೀಟಗಳನ್ನು ತಿಂದಾಗಲೂ ಎಚ್ಚರದಿಂದಿರಬೇಕು ಎನ್ನುವುದು ಇದೇ ಕಾರಣಕ್ಕೆ. ನಾಲಿಗೆ ಎಳೆದ ಗೆರೆ ದೇಹಕ್ಕೆ ಗೊತ್ತಿಲ್ಲ!

ಶಿಕ್ಷಕರಿಗೆ ಇಲ್ಲೊಂದು ಮಾತು. ಒಂದೇ ತರಗತಿಯಲ್ಲಿ ಮೀನನ್ನೇ ಮುಟ್ಟದ ಮನೆಯ ಮಕ್ಕಳೂ ಒಣಮೀನಿನ ಚಟ್ನಿಯನ್ನು ಬುತ್ತಿಗೆ ತರುವ ಮಕ್ಕಳೂ ಕೂಡಿ ಕುಳಿತಿರುತ್ತಾರೆ. ‘ವಾಸನೆ’ ಎಂದು ಮೂಗು ಮುಚ್ಚುವವರಿಗೂ, ಬುತ್ತಿಯ ಮುಚ್ಚಳ ತೆರೆಯಲು ನಾಚುವವರಿಗೂ ಈ ಪಾಠ ಬೇಕು. ಆಹಾರಗಳ ಒಂದು ಪಟ್ಟಿ ಕೊಟ್ಟು, ಪ್ರತಿಯೊಂದಕ್ಕೂ ‘ಎಷ್ಟು ಅಸಹ್ಯ’, ‘ಎಷ್ಟು ಅಪಾಯ’ ಎಂದು ಬೇರೆ ಬೇರೆ ಅಂಕ ಹಾಕಿಸಿ. ಅಪಾಯದ ಅಂಕಕ್ಕೆ ಕಾರಣವನ್ನೂ ಬರೆಸಿ. ಎರಡು ಅಂಕಗಳು ಎಲ್ಲೆಲ್ಲಿ ಕೂಡಿ ಬರುವುದಿಲ್ಲವೋ ಅಲ್ಲಿಂದ ಚರ್ಚೆ ಶುರುವಾಗಲಿ.

ಮೀನು ಸತ್ತ ಮೇಲೆ

ಈಗ ಹಸಿ ಮೀನಿಗೆ ಬರೋಣ. ಮೀನು ಸತ್ತೊಡನೆ ಅದರ ಸ್ನಾಯುವಿನಲ್ಲಿರುವ ಎಟಿಪಿ ಹಂತಹಂತವಾಗಿ ಒಡೆಯತೊಡಗುತ್ತದೆ. ನಡುವಿನ ಹಂತದಲ್ಲಿ ದೊರೆಯುವ ಇನೊಸಿನಿಕ್ ಆಮ್ಲವೇ ತಾಜಾ ಮೀನಿನ ರುಚಿಗೆ ಮುಖ್ಯ ಕಾರಣ. ಮುಂದೆ ಅದೂ ಒಡೆದು ಇನೊಸಿನ್, ಹೈಪೊಕ್ಸಾಂಥಿನ್‌ಗಳಾದಂತೆ ರುಚಿ ಕೆಡುತ್ತದೆ. ಜಪಾನಿನ ವಿಜ್ಞಾನಿಗಳು 1959ರಲ್ಲಿ ಈ ಕೊನೆಯ ಎರಡರ ಪಾಲನ್ನು ಲೆಕ್ಕಹಾಕಿ ತಾಜಾತನಕ್ಕೆ ಒಂದು ಅಳತೆ ರೂಪಿಸಿದರು. ಅದಕ್ಕೆ ಕೆ-ಮೌಲ್ಯ ಎಂದು ಹೆಸರು. ಅದು ಶೇಕಡಾ 20ರ ಒಳಗಿದ್ದರೆ ಮೀನು ಹಸಿಯಾಗಿ ತಿನ್ನುವಷ್ಟು ತಾಜಾ ಎಂಬುದು ವಾಡಿಕೆ. ಹಿಡಿದ ಗಳಿಗೆಯಿಂದ ತಟ್ಟೆಯವರೆಗೆ ಮಂಜುಗಡ್ಡೆಯ ಸರಪಳಿ ಎಲ್ಲೂ ಕಡಿಯದಿದ್ದರೆ ಮಾತ್ರ ಇದು ಸಾಧ್ಯ. ಜಪಾನೀಯರ ಹಸಿ ಮೀನಿನ ಹಿಂದಿರುವುದು ಧೈರ್ಯವಲ್ಲ, ಚಳಿ ಮತ್ತು ಶಿಸ್ತು.

ನಮ್ಮ ಕರಾವಳಿಯ ಕಥೆ ಬೇರೆ. ಇಲ್ಲಿ ವರ್ಷದ ಬಹುಕಾಲ ಗಾಳಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಮಂಜುಗಡ್ಡೆಯ ಕಾರ್ಖಾನೆಗಳಿಲ್ಲದ ಕಾಲದಲ್ಲಿ ಬೇಲೇಕೇರಿಯಲ್ಲಿ ಬೆಳಿಗ್ಗೆ ದಡಕ್ಕೆ ಬಂದ ಮೀನು ತಲೆಹೊರೆಯಲ್ಲಿ ಒಳನಾಡಿನ ಹಳ್ಳಿ ತಲುಪುವ ಹೊತ್ತಿಗೆ ಬ್ಯಾಕ್ಟೀರಿಯಾಗಳು ಹಲವು ಪಟ್ಟು ಹೆಚ್ಚಿರುತ್ತಿದ್ದವು. ಇಂಥಲ್ಲಿ ಚೆನ್ನಾಗಿ ಕುದಿಸುವುದು, ಇಲ್ಲವೇ ಉಪ್ಪು ಹಾಕಿ ಒಣಗಿಸುವುದು, ಎರಡೇ ದಾರಿ. ಉಪ್ಪು ಮೀನಿನ ನೀರನ್ನು ಹೀರಿ ಸೂಕ್ಷ್ಮಜೀವಿಗಳಿಗೆ ದಕ್ಕದಂತೆ ಮಾಡುತ್ತದೆ. ಹಸಿ ಮೀನಿನ ಬಗೆಗಿನ ನಮ್ಮವರ ಅಸಹ್ಯದಲ್ಲಿ ಹೀಗೆ ಸ್ವಲ್ಪ ಅನುಭವದ ತೂಕವೂ ಇದ್ದಿರಬೇಕು.

ಹುಳಿಯಲ್ಲಿ ನೆನೆಸಿದರೆ ಸಾಲದೇ? ಮುರುಗಲು ಅಥವಾ ನಿಂಬೆಯ ರಸದಲ್ಲಿ ಹಸಿ ಮೀನಿನ ಹೋಳನ್ನು ಇಟ್ಟರೆ ಅದು ಬೆಂದಂತೆ ಬೆಳ್ಳಗಾಗುವುದು ನಿಜ. ಆಮ್ಲದಿಂದ ಪ್ರೋಟೀನಿನ ರಚನೆ ಬದಲಾಗಿದೆ, ಅಷ್ಟೆ. ಕೆಲವು ಕಡಲಮೀನುಗಳ ಒಡಲಲ್ಲಿರುವ ಅನಿಸಾಕಿಸ್ ಎಂಬ ದುಂಡುಹುಳುವಿನ ಮರಿಗೆ ಆಮ್ಲ ಹೊಸದೇನಲ್ಲ. ಅದು ನಮ್ಮ ಜಠರದ ಆಮ್ಲದಲ್ಲೇ ಬದುಕುಳಿದು ಗೋಡೆಯನ್ನು ಕೊರೆಯಬಲ್ಲದು. ಉಪ್ಪಿನಲ್ಲಿ ಅರೆಬರೆ ಹದಗೊಳಿಸಿದ ಹೆರಿಂಗ್ ಮೀನನ್ನು ತಿನ್ನುವ ನೆದರ್ಲೆಂಡ್ಸ್‌ನಲ್ಲಿ ಈ ಹುಳುವಿನ ಕಾಟ 1960ರಲ್ಲಿ ವರದಿಯಾಯಿತು. 1968ರಲ್ಲಿ ಅಲ್ಲಿನ ಸರ್ಕಾರ ಹೆರಿಂಗನ್ನು ಮೊದಲು ಹೆಪ್ಪುಗಟ್ಟಿಸಲೇಬೇಕೆಂದು ಕಾನೂನು ಮಾಡಿತು, ಕಾಯಿಲೆ ಇಳಿಯಿತು. ಜನ ತಮ್ಮ ಹೆರಿಂಗ್ ಬಿಡಲಿಲ್ಲ. ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟರೆ ಹುಳು ಸಾಯುತ್ತದೆಂಬುದು ಇಂದಿನ ಅಮೆರಿಕದ ನಿಯಮ. ಮನೆಯ ಫ್ರಿಜ್ಜಿನ ಮೇಲ್ಖಾನೆಯನ್ನು ನಂಬಿ ಇದನ್ನು ಪ್ರಯೋಗಿಸಬೇಡಿ.

ವಿಚಿತ್ರವೆಂದರೆ, ಹಸಿ ಮೀನಿಗೆ ಹೇಸುವ ನಾವೇ ಜೀವಂತ ಮೀನನ್ನು ನುಂಗುವುದೂ ಉಂಟು. ಪ್ರತಿ ಜೂನ್‌ನಲ್ಲಿ ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿನಲ್ಲಿ ಉಬ್ಬಸಕ್ಕೆಂದು ಮರ್ರೆಲ್ ಮೀನಿನ ಮರಿಯ ಬಾಯಿಗೆ ಔಷಧಿಯಿಟ್ಟು ನುಂಗಿಸುತ್ತಾರೆ. ಅದಕ್ಕಾಗಿ ಬೇರೆ ರಾಜ್ಯಗಳಿಂದಲೂ ಜನ ಹೋಗುತ್ತಾರೆ. ಉಬ್ಬಸ ಗುಣವಾಗುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ‘ಔಷಧಿ’ ಎಂಬ ಒಂದು ಮಾತು ಅಸಹ್ಯವನ್ನು ಹೇಗೆ ಕರಗಿಸಿಬಿಡುತ್ತದೆ ನೋಡಿ.

ಬೆಂದರೂ ಹೋಗದ್ದು

ಇನ್ನು ಅಪಾಯದ ನಿಜವಾದ ಉದಾಹರಣೆ. ಬಾಂಗಡೆ, ತಾರ್ಲೆ, ಗೆದರೆಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಮೀನನ್ನು ಬಿಸಿಲಲ್ಲಿ, ಮಂಜುಗಡ್ಡೆಯಿಲ್ಲದೆ ಗಂಟೆಗಟ್ಟಲೆ ಬಿಟ್ಟರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರುವುದು, ತುರಿಕೆ, ತಲೆನೋವು, ಎದೆ ಡವಗುಟ್ಟುವುದು ಇದರ ಲಕ್ಷಣ. ಬಹಳ ಮಂದಿ ಇದನ್ನು ‘ಬಾಂಗಡೆ ನನಗೆ ಆಗಿಬರುವುದಿಲ್ಲ’ ಎಂದುಕೊಳ್ಳುತ್ತಾರೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಹಿಸ್ಟಮಿನ್ ಹಾಗೆಯೇ ಉಳಿಯುತ್ತದೆ. ಹುರಿದರೂ ಹೋಗದು, ಹೆಪ್ಪುಗಟ್ಟಿಸಿದರೂ ಹೋಗದು; ಕಣ್ಣಿಗೆ, ಮೂಗಿಗೆ ಅದು ಸಿಗದಿರಲೂಬಹುದು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆ ಇದಕ್ಕೆ ಕಿಲೋಗ್ರಾಂಗೆ 200 ಮಿಲಿಗ್ರಾಂ ಮಿತಿ ಹಾಕಿದೆ. ಯಾರಿಗೂ ಅಸಹ್ಯವಾಗದ, ತೆಪ್ಪಲ ಹಾಕಿ ಘಮಘಮಿಸುವ ಬಾಂಗಡೆ ಸಾರಿನಲ್ಲಿ ಅಪಾಯ ಅಡಗಿರಬಹುದು! ಆದ್ದರಿಂದ ಮಂಜುಗಡ್ಡೆಯ ಖರ್ಚು ಉಳಿಸುವುದು ಉಳಿತಾಯವಲ್ಲ.

ತಿಸರೆ ಮತ್ತು ಕಲ್ವಗಳದ್ದು ಇನ್ನೊಂದು ಬಗೆ. ತಿಸರೆಯಂಥ ಚಿಪ್ಪುಜೀವಿಗೆ ಅಂಕೋಲೆ, ಕುಮಟಾ ಕಡೆ ಬಳಚು ಎನ್ನುತ್ತಾರೆ. ಇವು ನೀರನ್ನು ಸೋಸಿ ಆಹಾರ ಪಡೆಯುವ ಜೀವಿಗಳಾದ್ದರಿಂದ ಕಾಳಿ, ಗಂಗಾವಳಿ ಅಳಿವೆಗಳ ನೀರಿನಲ್ಲಿರುವ ಒಳ್ಳೆಯದನ್ನೂ ಕೊಳಕನ್ನೂ ಒಡಲಲ್ಲಿ ಕೂಡಿಡುತ್ತವೆ. ಅಳಿವೆಗೆ ಊರ ಚರಂಡಿ ಸೇರಿದರೆ ಅದರಲ್ಲಿನ ವೈರಾಣುಗಳೂ ಸೇರಿದಂತೆಯೇ. ಚಿಪ್ಪು ಬಾಯಿ ತೆರೆದೊಡನೆ ಬೆಂದಿತೆಂದು ಇಳಿಸಬಾರದು. ಒಳಗಿನ ಮಾಂಸ 90 ಡಿಗ್ರಿಯಲ್ಲಿ ಒಂದೂವರೆ ನಿಮಿಷವಾದರೂ ಇರಬೇಕು.

ಮೋರಿಯ ವಿಷಯಕ್ಕೆ ಬಂದರೆ, ಬಾಣಂತಿಗೆ ಇದರ ಸಾರು ಕೊಟ್ಟರೆ ಹಾಲು ಹೆಚ್ಚುತ್ತದೆ ಎಂಬ ನಂಬಿಕೆ ಕರಾವಳಿಯಲ್ಲಿ ಹಳೆಯದು. ಒಂದು ಪ್ರಭೇದಕ್ಕೆ ‘ಹಾಲು ಶಾರ್ಕ್’ ಎಂಬ ಅಂತರರಾಷ್ಟ್ರೀಯ ಹೆಸರು ಬಂದಿರುವುದೇ ಭಾರತದ ಈ ನಂಬಿಕೆಯಿಂದ. ಅದರ ಘಾಟು ವಾಸನೆಗೆ ಕಾರಣ ಕೊಳಕಲ್ಲ. ಉಪ್ಪುನೀರಿನೊಡನೆ ಸಮತೋಲ ಕಾಯಲು ಶಾರ್ಕ್‌ಗಳು ರಕ್ತದಲ್ಲಿ ಯೂರಿಯಾ ಉಳಿಸಿಕೊಳ್ಳುತ್ತವೆ. ಸತ್ತ ಮೇಲೆ ಅದು ಅಮೋನಿಯಾ ಆಗುತ್ತದೆ. ಆದರೆ ಬೇಟೆಯಾಡಿ ಬದುಕುವ ಶಾರ್ಕ್‌ಗಳ ಮೈಯಲ್ಲಿ ವಯಸ್ಸು, ಗಾತ್ರ ಹೆಚ್ಚಿದಂತೆ ಪಾದರಸವೂ ಸೇರುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಶಾರ್ಕ್ ತಿನ್ನಬಾರದೆಂದು ಅಮೆರಿಕದ ಆಹಾರ ಇಲಾಖೆ ಸಲಹೆ ನೀಡುತ್ತದೆ. ಮೂಗು ಹಿಡಿದದ್ದು ನಿರಪಾಯ, ಹಿಡಿಯದೆ ಬಿಟ್ಟದ್ದು ಅಪಾಯ.

ಹೊಸ ಗೆರೆಗಳು ನಮ್ಮ ಕಣ್ಣೆದುರೇ ಮೂಡುತ್ತಿರುತ್ತವೆ. ಕಪ್ಪು-ನೀಲಿ ಮೈ, ಕೆಂಪು ಹಲ್ಲಿನ ಒಂದು ಜಾತಿಯ ಟ್ರಿಗರ್ ಮೀನು ಕಾರವಾರದ ಬೈತಖೋಲ ಬಂದರಿಗೆ ಕೆಲವು ವರ್ಷ ರಾಶಿ ರಾಶಿಯಾಗಿ ಬಂದು ಬೀಳುತ್ತದೆ. ಅದಕ್ಕೆ ಜನ ಇಟ್ಟ ಹೆಸರು ಕಾರ್ಗಿಲ್ ಮೀನು, 1999ರ ಯುದ್ಧದ ನೆನಪು. ಚರ್ಮ ತೊಗಲಿನಂತೆ ಗಟ್ಟಿ. ಕೇರಳ, ತಮಿಳುನಾಡುಗಳಲ್ಲಿ ಟ್ರಿಗರ್ ಮೀನುಗಳ ಚರ್ಮ ಸುಲಿದು ತಿನ್ನುತ್ತಾರೆ. ಇಲ್ಲಿ ಅದು ಬುಟ್ಟಿಗೆ ಬರುವುದು ಅಪರೂಪ. ಲಾರಿ ಹತ್ತಿ ಮೀನುಹುಡಿ ಕಾರ್ಖಾನೆಗೆ ಹೋಗುತ್ತದೆ, ಹುಡಿಯಾಗಿ ಬೇರೆ ಮೀನು, ಕೋಳಿಗಳ ಹೊಟ್ಟೆ ಸೇರುತ್ತದೆ.